ಇಂಜಿನ್ ನೀರು

ಬಸ್ಸಿನ ಇಂಜಿನ್ನಿನ ಒಳಗೆ ಡೀಸೆಲ್ ಉರಿಯುತ್ತದೆ, ಆ ಉರಿಯ ಸುತ್ತ ನೀರು ಓಡಾಡುತ್ತದೆ. ಉರಿಯ ವಿಷಯ ಎಲ್ಲ ಗ್ಯಾರೇಜಿನಲ್ಲೂ ಕಲಿಸುತ್ತಾರೆ. ನೀರಿನ ವಿಷಯ ಕೆಟ್ಟ ಮೇಲೆ ಕಲಿಯುವುದೇ ಹೆಚ್ಚು. ನಾನು ಮಧುಗಿರಿಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಈ ಕೆಲಸಕ್ಕೆ ಹೊಸದಾಗಿ ಸೇರುವವರ ಉಪಯೋಗಕ್ಕೆ ಬರಲಿ ಎಂದು ನೀರಿನ ವಿಷಯವನ್ನೇ ಬರೆಯಲು ಕುಳಿತಿದ್ದೇನೆ.

ನನ್ನ ಹೆಂಡತಿ ಮಾರಕ್ಕ ಹೋಗಿ ಹತ್ತು ತಿಂಗಳಾಯಿತು. ಹಾಗಾಗಿ ಇದು ಬರೀ ಇಂಜಿನ್ನಿನ ಮಾತಾಗಿ ಉಳಿಯುವುದಿಲ್ಲ. ಪಾವಗಡದಲ್ಲಿದ್ದ ಹನ್ನೆರಡು ವರ್ಷ ನಾನು ಇಂಜಿನ್ನುಗಳಿಗೆ ಮಧುಗಿರಿಯಿಂದ ತರಿಸಿದ ಸಿಹಿ ನೀರು ಹಾಕಿದೆ. ಅವಳು ಅಲ್ಲಿನ ಬೋರಿನ ನೀರು ಕುಡಿದಳು. ಆಮೇಲೆ ಬದುಕಿದಷ್ಟು ಕಾಲವೂ ಅವಳ ಬೆನ್ನು ನೆಟ್ಟಗಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ ಎಂದುಕೊಂಡಿದ್ದೆ. ಸುಲಭವಾಗಿಲ್ಲ.

ನನಗೆ ಕೆಲಸ ಕಲಿಸಿದವರು ರಂಗಪ್ಪ ಮೇಸ್ತ್ರಿ. ಕಂಪನಿಯ ಹೆಡ್ ಮೆಕ್ಯಾನಿಕ್. ಅವರಿಗೆ ಮೀಟರುಗಳಲ್ಲಿ ನಂಬಿಕೆ ಇರಲಿಲ್ಲ. ಬಸ್ಸು ಬಂದು ನಿಂತ ಕೂಡಲೇ ಬಾನೆಟ್ ಎತ್ತಿ, ರೇಡಿಯೇಟರಿನ ಮೇಲಿನ ಹೋಸ್ ಪೈಪಿನ ಮೇಲೊಂದು ಕೈ, ಕೆಳಗಿನದರ ಮೇಲೊಂದು ಕೈ ಇಡುತ್ತಿದ್ದರು. ಮೇಲಿನದು ಕೈ ಸುಡಬೇಕು, ಕೆಳಗಿನದು ಅದಕ್ಕಿಂತ ತುಸು ಕಡಿಮೆ ಇರಬೇಕು. ಎರಡೂ ಒಂದೇ ಬಿಸಿಯಿದ್ದರೆ ರೇಡಿಯೇಟರು ನೀರನ್ನು ಆರಿಸುತ್ತಿಲ್ಲ. ಮೇಲಿನದು ಕುದಿಯುತ್ತಿದ್ದು ಕೆಳಗಿನದು ತಣ್ಣಗಿದ್ದರೆ ನೀರು ಎಲ್ಲೋ ಕಟ್ಟಿಕೊಂಡಿದೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ನನ್ನ ಅಂಗೈ ಚರ್ಮ ದಪ್ಪಗಾಗಲು ಒಂದು ವರ್ಷ ಹಿಡಿಯಿತು.

ಇಂಜಿನ್ನಿಗೆ ಬಿಸಿಯೇ ಕೂಡದು ಎಂದು ತಿಳಿಯಬೇಡಿ. ನಾನು ಹಾಗೆ ತಿಳಿದೇ ಮೊದಲ ತಪ್ಪು ಮಾಡಿದೆ. ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಒಂದು ವಾಲ್ವ್ ಇರುತ್ತದೆ. ಇಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡು ನೀರನ್ನು ಒಳಗೇ ಸುತ್ತಿಸುತ್ತದೆ. ಬಿಸಿ ಸಾಕಷ್ಟು ಏರಿದ ಮೇಲೆ ತೆರೆದುಕೊಂಡು ರೇಡಿಯೇಟರಿಗೆ ಬಿಡುತ್ತದೆ. ಒಂದು ಬೇಸಿಗೆಯಲ್ಲಿ ಪಾವಗಡದ ಬಸ್ಸುಗಳು ದಿನವೂ ಕುದಿಯತೊಡಗಿದಾಗ, ಈ ವಾಲ್ವೇ ಅಡ್ಡ ಎಂದು ನಾನು ನಾಲ್ಕು ಬಸ್ಸಿನ ವಾಲ್ವುಗಳನ್ನೂ ಕಿತ್ತು ಡಬ್ಬಿಗೆ ಹಾಕಿದೆ. ಬೇಸಿಗೆ ಹೇಗೋ ಕಳೆಯಿತು. ಧನುರ್ಮಾಸದಲ್ಲಿ ಬೆಳಗಿನ ಬಸ್ಸುಗಳು ಮಿಡಿಗೇಶಿ ಬರುವವರೆಗೂ ಬಿಳಿ ಹೊಗೆ ಕಾರುತ್ತಾ ಹೋದವು. ವರ್ಷ ತುಂಬುವುದರೊಳಗೆ ಎರಡು ಇಂಜಿನ್ನುಗಳ ಸಿಲಿಂಡರ್ ಬೋರು ಸವೆದು ಎಣ್ಣೆ ಕುಡಿಯತೊಡಗಿದವು. ರಂಗಪ್ಪ ಮೇಸ್ತ್ರಿಗೆ ನನ್ನ ಡಬ್ಬಿ ಸಿಕ್ಕಿತು.

"ಜ್ವರ ಬತ್ತದೆ ಅಂತ ಮೈಬಿಸೀನೇ ತೆಗೆದಾಕ್ಬುಟ್ಟಲ್ಲೋ ಹನುಮಂತ" ಎಂದರು. ಬೈಗುಳ ಅಷ್ಟೇ. ಆದರೆ ಆ ವಾಲ್ವುಗಳನ್ನು ಒಂದೊಂದಾಗಿ ಚಹಾ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಒಲೆಯ ಮೇಲಿಟ್ಟು, ಯಾವುದು ಯಾವಾಗ ಬಾಯಿ ಬಿಡುತ್ತದೆಂದು ನನ್ನ ಕೈಯಲ್ಲೇ ನೋಡಿಸಿದರು. ಎಲ್ಲವೂ ಸರಿಯಾಗಿಯೇ ಬಾಯಿ ಬಿಟ್ಟವು. ಹಾಗಾದರೆ ಬಸ್ಸುಗಳು ಯಾಕೆ ಕುದಿಯುತ್ತಿದ್ದವು ಎಂಬ ಪ್ರಶ್ನೆ ಉಳಿಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು ನನ್ನ ಎರಡನೇ ತಪ್ಪಿನಿಂದ. ಪಾವಗಡದ ದಾರಿಯ ಬಸ್ಸಿಗೆ ಶಿರಾದ ಖಾದರ್ ಸಾಬ್ ಡ್ರೈವರ್. ಒಳ್ಳೆಯ ಡ್ರೈವರ್, ಗೇರು ಬದಲಿಸಿದ್ದು ಕೂತವರಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಬಸ್ಸಿನ ಕುದಿತ ನೋಡಲೆಂದು ನಾನೇ ಅವನ ಪಕ್ಕದ ಬಾನೆಟ್ಟಿನ ಮೇಲೆ ಕೂತು ಹೊರಟೆ. ಏರಿನಲ್ಲಿ ಹೀಟ್ ಮೀಟರಿನ ಮುಳ್ಳು ಕೆಂಪು ಗೆರೆಯವರೆಗೂ ಹೋಯಿತು. ಗಾಡಿ ನಿಲ್ಲಿಸೋಣವೇ ಎಂದು ಅವನು ನನ್ನ ಮುಖ ನೋಡಿದ. ಅಷ್ಟರಲ್ಲಿ ಮುಳ್ಳು ತಾನಾಗಿಯೇ ಸರಸರನೆ ಇಳಿಯಿತು.

"ದೇಖೋ ಉಸ್ತಾದ್, ಠಂಡಾ ಆಗ್ಬುಡ್ತು" ಎಂದ. ಇಳಿಯಿತಲ್ಲ, ನಡಿ ಎಂದೆ.

ಎರಡು ಮೈಲಿ ಹೋಗುವುದರಲ್ಲಿ ಇಂಜಿನ್ ಕಿರುಗುಟ್ಟಿ ಹಿಡಿದುಕೊಂಡಿತು. ಮುಳ್ಳು ಆಗಲೂ ತಣ್ಣಗೇ ತೋರಿಸುತ್ತಿತ್ತು. ಆಗಿದ್ದು ಇಷ್ಟೇ. ಹೋಸ್ ಪೈಪು ಒಡೆದು ನೀರೆಲ್ಲ ಹೋಗಿತ್ತು. ಬಿಸಿ ಅಳೆಯುವ ಮೀಟರಿನ ಮೊಳೆ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರೇ ಇಲ್ಲದಿದ್ದರೆ ಅದಕ್ಕೆ ಹೇಳಲು ಏನೂ ಇಲ್ಲ. ಏರಿನಲ್ಲಿ ಮುಳ್ಳು ಹಠಾತ್ತನೆ ಇಳಿದರೆ ಸಂತೋಷಪಡಬೇಡಿ, ಕೂಡಲೇ ಇಂಜಿನ್ ಆರಿಸಿ. ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ಇಟ್ಟುಕೊಳ್ಳಿ.

ಆ ಇಂಜಿನ್ನಿನ ಹೆಡ್ ಬಿಚ್ಚಿದಾಗ, ನೀರು ಓಡುವ ದಾರಿಗಳೆಲ್ಲ ಬಿಳಿಯ ಚಕ್ಕೆ ಕಟ್ಟಿ ಮುಚ್ಚಿಹೋಗಿದ್ದವು. ಮುದ್ದೆ ಮಡಕೆಯ ತಳಕ್ಕೆ ಹಿಡಿದ ಸೀಕಿನ ಹಾಗೆ. ಸ್ಕ್ರೂ ಡ್ರೈವರಿನಿಂದ ಕುಟ್ಟಿದರೆ ಹಂಚಿನ ಚೂರಿನಂತೆ ಎದ್ದು ಬರುತ್ತಿತ್ತು. ರಂಗಪ್ಪ ಮೇಸ್ತ್ರಿ ಒಂದು ಚೂರನ್ನು ನಾಲಗೆಗೆ ಮುಟ್ಟಿಸಿ ಉಗುಳಿದರು.

"ಪಾವಗಡದ ನೀರು ಕಣ್ಲಾ. ಇಂಜಿನ್ನಿಗೆ ರಗ್ಗು ಹೊದಿಸ್ದಂಗೆ ಆಗದೆ. ಬಿಸಿ ಎಲ್ಲಿಂದ ಆಚೆ ಹೋಯ್ತದೆ?"

ಹೀಗೆ ನಾನು ಪಾವಗಡಕ್ಕೆ ಹೋದೆ. ಎಪ್ಪತ್ತರ ದಶಕದ ಆರಂಭದ ಮಾತು. ಕಂಪನಿಯ ಸಾಹುಕಾರರು ಅಲ್ಲಿ ಒಂದು ತಗಡಿನ ಶೆಡ್ಡು ಹಾಕಿಸಿದರು. ಆ ಕಡೆ ಓಡುವ ನಾಲ್ಕು ಬಸ್ಸುಗಳಿಗೆ ಅಲ್ಲಿನ ನೀರು ಹಾಕಕೂಡದು ಎಂದು ರಂಗಪ್ಪ ಮೇಸ್ತ್ರಿ ಅಪ್ಪಣೆ ಮಾಡಿದರು. ಮಧುಗಿರಿಯ ಸಿಹಿ ನೀರಿನ ಬಾವಿಯಿಂದ ದಿನವೂ ಬೆಳಗಿನ ಬಸ್ಸಿನ ಮೇಲೆ ನಾಲ್ಕು ದೊಡ್ಡ ಕ್ಯಾನು ನೀರು ಬರಬೇಕು, ನಾನು ಅದನ್ನು ಇಟ್ಟುಕೊಂಡು ಬಸ್ಸುಗಳಿಗೆ ಹಾಕಬೇಕು. ಕ್ಯಾನುಗಳ ಮೇಲೆ ನಾನೇ ಕೆಂಪು ಬಣ್ಣದಲ್ಲಿ 'ಇಂಜಿನ್ ನೀರು' ಎಂದು ಬರೆದೆ.

ಮಾರಕ್ಕ ತೋವಿನಕೆರೆಯವಳು. ಅವಳ ತವರಿನ ಬಾವಿಯ ನೀರು ಅಷ್ಟು ರುಚಿ. ಮದುವೆಯಾಗಿ ಆಗಿನ್ನೂ ವರ್ಷವಾಗಿತ್ತು. ಪಾವಗಡಕ್ಕೆ ಹೋದ ಮೊದಲ ವಾರವೇ ಅವಳು ಹೇಳಿದ್ದು ಬೇಳೆ ಬೇಯುವುದಿಲ್ಲ ಎಂದು. ಬೆಳಗ್ಗೆ ಒಲೆಗೆ ಇಟ್ಟ ತೊಗರಿಬೇಳೆ ಮಧ್ಯಾಹ್ನವಾದರೂ ಕಾಳುಕಾಳಾಗಿಯೇ ಇರುತ್ತಿತ್ತು. ನಾನು ನಕ್ಕು, ಇಲ್ಲಿನ ನೀರಿಗೆ ಇಂಜಿನ್ನೇ ತಡೆಯಲಿಲ್ಲ, ನಿನ್ನ ಬೇಳೆ ಯಾವ ಲೆಕ್ಕ ಎಂದೆ. ರೇಡಿಯೇಟರಿನ ಕತೆಯನ್ನೆಲ್ಲ ಅವಳಿಗೆ ವಿವರಿಸಿ ಹೇಳಿದೆ. ನನ್ನ ಕೆಲಸ ಎಷ್ಟು ಮುಖ್ಯದ್ದೆಂದು ಅವಳಿಗೆ ತಿಳಿಯಲಿ ಎಂದು.

ಎರಡನೇ ವರ್ಷ ಅವಳು ಬಾಣಂತನಕ್ಕೆ ತೋವಿನಕೆರೆಗೆ ಹೋಗಿ, ಐದು ತಿಂಗಳಿಗೆ ಮಗಳು ಶಾರದೆಯನ್ನು ಎತ್ತಿಕೊಂಡು ಬಂದಳು. ಬಂದ ಕೆಲವು ದಿನಕ್ಕೆ, ಮಧ್ಯಾಹ್ನದ ಬುತ್ತಿಯ ಜೊತೆ ಒಂದು ಖಾಲಿ ಬಿಂದಿಗೆಯನ್ನೂ ಸೊಂಟದಲ್ಲಿಟ್ಟುಕೊಂಡು ಶೆಡ್ಡಿಗೆ ಬಂದಳು. ನಾನು ಉಂಡು ಕೈ ತೊಳೆದ ಮೇಲೆ ಕೇಳಿದಳು.

"ಆ ನೀರು ಒಂದು ಬಿಂದಿಗೆ ಕೊಡಿ. ಬೇಳೆಗೆ ಆಯ್ತದೆ. ಮಿಕ್ಕಿದ್ದು ಕಾಯ್ಸಿ ಮಗೀಗೆ ಕುಡುಸ್ತೀನಿ."

"ಅದು ಇಂಜಿನ್ ನೀರು" ಎಂದೆ.

"ಇಂಜಿನ್ನು ಕುಡಿಯೋದೂ ನೀರೇ ಅಲ್ವಾ?"

ಆಗ ನಾನು ಕೊಡಬಹುದಾಗಿತ್ತು. ಆದರೆ ಅದಕ್ಕೆ ಎರಡು ದಿನ ಮೊದಲು ಕಂಡಕ್ಟರೊಬ್ಬ ಬಾಯಾರಿ ಆ ಕ್ಯಾನಿನಿಂದ ಒಂದು ಲೋಟ ಬಗ್ಗಿಸಿಕೊಂಡಿದ್ದಕ್ಕೆ, ಪ್ಯಾಸೆಂಜರುಗಳ ಎದುರಿಗೆ ಅವನ ಕೈಯಿಂದ ಲೋಟ ಕಿತ್ತು ನೀರನ್ನು ಕ್ಯಾನಿಗೆ ವಾಪಸ್ ಸುರಿದಿದ್ದೆ. ಆ ಕಂಡಕ್ಟರು ಅಲ್ಲೇ ಬಸ್ಸಿನ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದ. ಅವನು ನಮ್ಮನ್ನೇ ನೋಡುತ್ತಿದ್ದ.

"ಇವತ್ತು ನಿಂಗೆ ಕೊಟ್ರೆ ನಾಳೆ ಇನ್ನೊಬ್ಬರು ಬತ್ತಾರೆ. ಬಸ್ಸು ದಾರೀಲಿ ನಿಂತ್ರೆ ಯಾರು ಉತ್ತರ ಹೇಳೋರು?" ಎಂದೆ. ಅವನಿಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ಸರಿ ಬುಡಿ" ಎಂದಳು.

ಖಾಲಿ ಬಿಂದಿಗೆಯನ್ನೇ ಸೊಂಟಕ್ಕೇರಿಸಿಕೊಂಡು ಹೋದಳು. ದಾರಿಯಲ್ಲಿ ಬೋರಿನ ಹತ್ತಿರ ಪಕ್ಕದ ಮನೆಯ ತೆಲುಗು ಹೆಂಗಸು, "ಏಮ್ಮಾ, ಮೀ ಆಯನ ಬಸ್ಸುಕಿ ಮಂಚಿ ನೀಳ್ಳು ತಾಪಿಸ್ತಾಡಂಟ, ನೀಕೇಮೋ ಉಪ್ಪು ನೀಳ್ಳಾ?" ಎಂದಳಂತೆ. ನಿನ್ನ ಗಂಡ ಬಸ್ಸಿಗೆ ಒಳ್ಳೆಯ ನೀರು ಕುಡಿಸುತ್ತಾನಂತೆ, ನಿನಗೆ ಮಾತ್ರ ಉಪ್ಪು ನೀರಾ ಎಂದು. ಇದನ್ನು ಮಾರಕ್ಕ ಊಟ ಬಡಿಸುವಾಗ ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಆಮೇಲೆ ಅವಳು ನೀರು ಕೇಳಲಿಲ್ಲ.

ಖಾದರ್ ಸಾಬ್‌ಗೆ ಹೇಗೋ ವಿಷಯ ತಿಳಿಯಿತು. ಅವನು ಬೇರೆಯವರಿಲ್ಲದಾಗ ನನ್ನ ಹತ್ತಿರ ಬಂದು, "ಗಾಡಿಗೆ ಕಡಿಮೆ ಬಿದ್ರೆ ನಾನು ದಾರೀಲಿ ಎಲ್ಲಾದ್ರೂ ಹಿಡ್ಕಂತೀನಿ. ಭಾಬಿಗೆ ಒಂದು ಬಿಂದಿಗೆ ಕೊಟ್ಬುಡಿ ಉಸ್ತಾದ್" ಎಂದ. ನನಗೆ ಸಿಟ್ಟು ಬಂತು. ಹಿಂದೆ ಮುಳ್ಳು ಇಳಿಯಿತೆಂದು ಕುಣಿದವನು ನೀನೇ ಅಲ್ಲವೇ, ನೀರಿನ ವಿಷಯ ನನಗೆ ಹೇಳಬೇಡ ಎಂದೆ. ಅಂದು ನಡಿ ಎಂದವನು ನಾನು. ಅವನು ಅದನ್ನು ಎತ್ತಿ ಆಡಲಿಲ್ಲ.

ನೀರು ಕಡಿಮೆ ಬೀಳುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ರೇಡಿಯೇಟರು ಸರಿಯಿದ್ದರೆ ಬಸ್ಸಿಗೆ ದಿನಕ್ಕೆ ಒಂದೆರಡು ಚೊಂಬು ಸಾಕು. ಪೈಪು ಒಡೆದ ದಿನ, ರೇಡಿಯೇಟರು ತೊಳೆದ ದಿನ ಬಿಟ್ಟರೆ ಸಂಜೆಗೆ ಎರಡು ಕ್ಯಾನಾದರೂ ಮಿಗುತ್ತಿತ್ತು. ಮರುದಿನ ತುಂಬಿದ ಕ್ಯಾನುಗಳು ಬರುವುದರಿಂದ ಹಳೆಯದನ್ನು ಖಾಲಿ ಮಾಡಬೇಕು. ಆ ನೀರಿನಲ್ಲಿ ನಾನು ಬಸ್ಸುಗಳ ಮುಂದಿನ ಗಾಜು ತೊಳೆಸುತ್ತಿದ್ದೆ. ಬೋರಿನ ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಚುಕ್ಕೆ ನಿಲ್ಲುತ್ತಿತ್ತು. ನಮ್ಮ ಬಸ್ಸಿನ ಗಾಜು ನೋಡಿದರೆ ಗೊತ್ತಾಗುತ್ತದೆ, ಹನುಮಂತಪ್ಪನ ಕೆಲಸ ಎಂದು ಜನ ಹೇಳುತ್ತಿದ್ದರು.

ಇನ್ನೊಂದು ಸಂಗತಿ ಬರೆಯಬೇಕು, ಅದು ಕೆಲಸಕ್ಕೆ ಸಂಬಂಧಪಟ್ಟದ್ದು. ಹಳೆಯ ಚಕ್ಕೆ ತೆಗೆಯಲು ಆಗ ನಾವು ಸೋಡಾ ಪುಡಿ ಕಲಸಿದ ನೀರು ಹಾಕಿ ಇಂಜಿನ್ ಓಡಿಸಿ ಬಸಿಯುತ್ತಿದ್ದೆವು. ಅರ್ಧಕ್ಕರ್ಧ ಚಕ್ಕೆ ಹಾಗೇ ಉಳಿಯುತ್ತಿತ್ತು. ಒಂದು ದಿನ ಮನೆಯಲ್ಲಿ ಮಾರಕ್ಕ ನೀರು ಕಾಯಿಸುವ ತಪ್ಪಲೆಯ ಒಳಗೆ ಹುಣಸೆಹಣ್ಣು ಕಿವುಚಿ ಹಾಕಿ ಕುದಿಸುತ್ತಿದ್ದಳು. ಏನಿದು ಎಂದೆ. ತಪ್ಪಲೆಗೆ ಹಿಡಿದ ಬಿಳಿ ಪದರ ತೋರಿಸಿದಳು. ಕುದಿಸಿ ಚೆಲ್ಲಿದ ಮೇಲೆ ತಪ್ಪಲೆಯ ತಳ ಹೊಸದರಂತೆ ಹೊಳೆಯಿತು. ಅದು ಇಂಜಿನ್ನಿನೊಳಗಿನ ಪದರವೇ ಎಂದು ನನಗೆ ನೋಡಿದೊಡನೆ ತಿಳಿಯಿತು. ತಕ್ಷಣ ನಾನು ಯೋಚಿಸಿದ್ದು ರೇಡಿಯೇಟರಿನ ಬಗ್ಗೆ. ಆ ತಪ್ಪಲೆಯ ನೀರನ್ನು ಕುಡಿಯುವವರು ಯಾರು ಎಂದು ಯೋಚಿಸಲಿಲ್ಲ.

ಮೊದಲ ಸಲ ಹುಣಸೆ ನೀರನ್ನು ಗಟ್ಟಿಯಾಗಿ ಕಲಸಿ, ಸೋಸದೆ ಹಾಕಿ ಒಂದು ದಿನ ಹಾಗೇ ಬಿಟ್ಟೆ. ನಾರು ಹೋಗಿ ರೇಡಿಯೇಟರಿನ ಕೊಳವೆಗಳಲ್ಲಿ ಸಿಕ್ಕಿಕೊಂಡಿತು, ಹುಳಿಗೆ ಹಳೆಯ ಬೆಸುಗೆ ಬಿಟ್ಟು ಐದು ಕಡೆ ಸೋರಿತು. ಆಮೇಲೆ ಮಾರಕ್ಕನೇ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿಕೊಟ್ಟಳು. ನೀರಾಗಿ ಕಲಸಿ, ಒಂದು ಗಂಟೆ ಮಾತ್ರ ಓಡಿಸಿ, ಮೂರು ಸಲ ತೊಳೆದರೆ ಕೆಲಸ ಆಯಿತು. ರಂಗಪ್ಪ ಮೇಸ್ತ್ರಿ ಮಧುಗಿರಿಯಿಂದ ನೋಡಲು ಬಂದರು. ನಮ್ಮ ಮನೆಯಲ್ಲೇ ಊಟ. ಮೇಲಿನ ಹೋಸಿನ ಮೇಲೆ, ಕೆಳಗಿನದರ ಮೇಲೆ ಕೈಯಿಟ್ಟು ನೋಡಿ ಬಂದು ಎಲೆಯ ಮುಂದೆ ಕೂತವರು, "ಯಾರ್ಲಾ ಹೇಳ್ಕೊಟ್ಟೋರು ನಿಂಗೆ?" ಎಂದರು.

"ನಾನೇ ಯೋಚ್ನೆ ಮಾಡ್ದೆ" ಎಂದೆ.

ಮಾರಕ್ಕ ಮುದ್ದೆ ಬಡಿಸುತ್ತಿದ್ದಳು. ಅವರ ಎಲೆಗೆ ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು. ಆ ಪದ್ಧತಿ ಸುತ್ತಲಿನ ನಾಲ್ಕು ತಾಲ್ಲೂಕುಗಳ ಗ್ಯಾರೇಜುಗಳಿಗೆ ನನ್ನ ಹೆಸರಲ್ಲೇ ಹಬ್ಬಿತು. ಗೌಡಗೆರೆಯಿಂದ ಲಾರಿಯವರೂ ಕೇಳಿಕೊಂಡು ಬರುತ್ತಿದ್ದರು.

ಶಾರದೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವುಗಳ ಮೇಲೆ ಕಂದು ಗೆರೆಗಳಿದ್ದವು. ಆ ಬೀದಿಯ ಎಲ್ಲ ಮಕ್ಕಳಿಗೂ ಇದ್ದವು. ಹಾಗಾಗಿ ಅದು ರೋಗ ಎಂದು ಯಾರೂ ಅಂದುಕೊಳ್ಳಲಿಲ್ಲ, ನಾವೂ ಅಂದುಕೊಳ್ಳಲಿಲ್ಲ. ಅವಳು ಈಗಲೂ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಹತ್ತನೇ ವರ್ಷದ ಹೊತ್ತಿಗೆ ಮಾರಕ್ಕನಿಗೆ ಕೆಳಗೆ ಕೂತು ಏಳುವುದು ಕಷ್ಟವಾಯಿತು. ಮುದ್ದೆ ತಿರುವುವಾಗ ನಡುನಡುವೆ ಕೋಲು ಬಿಟ್ಟು ಗೋಡೆಗೆ ಒರಗುತ್ತಿದ್ದಳು. ಹಿಂದಿನಿಂದ ಕರೆದರೆ ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು. ನಾನು ತಮಾಷೆ ಮಾಡುತ್ತಿದ್ದೆ, ನಿನ್ನ ಸ್ಟೇರಿಂಗ್ ಜಾಮ್ ಆಗಿದೆ, ಗ್ರೀಸ್ ಹೊಡೀಬೇಕು ಎಂದು. ಅವಳು ನಗುತ್ತಿದ್ದಳು. ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದವನು ನಾನು. ಅವಳು ಏಳುವಾಗ ಅಮ್ಮಾ ಎನ್ನುವುದು ವರ್ಷಗಟ್ಟಲೆ ಕಿವಿಗೆ ಬೀಳುತ್ತಿದ್ದರೂ ಏನು ಎಂದು ಕೇಳಲಿಲ್ಲ.

ಎಂಬತ್ತರ ದಶಕದ ನಡುವೆ ಕಂಪನಿ ಪಾವಗಡದ ಶೆಡ್ಡು ಮುಚ್ಚಿತು. ಅಷ್ಟರಲ್ಲಿ ರಂಗಪ್ಪ ಮೇಸ್ತ್ರಿ ಇರಲಿಲ್ಲ. ಹೊಸ ಇಂಜಿನ್ನುಗಳಿಗೆ ಹಸಿರು ಬಣ್ಣದ ಕೂಲಂಟ್ ಬೆರೆಸುವುದು ಆಗಲೇ ಶುರುವಾಗುತ್ತಿತ್ತು. ಈಗ ನೀವು ನೋಡುವ ಇಂಜಿನ್ನುಗಳಲ್ಲಿ ವರ್ಷಾನುಗಟ್ಟಲೆ ಮುಚ್ಚಳವನ್ನೇ ತೆಗೆಯುವುದಿಲ್ಲ, ಬಿಸಿ ಮೀರಿದರೆ ಇಂಜಿನ್ ತಾನೇ ಎಚ್ಚರಿಸುತ್ತದೆ. ಒಳ್ಳೆಯದೇ. ಆದರೂ ಹೋಸಿನ ಮೇಲೆ ಕೈಯಿಟ್ಟು ನೋಡುವುದನ್ನು ಬಿಡಬೇಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯುತ್ತದೆ. ಆರುವವರೆಗೂ ಕಾಯಿರಿ. ಬಸ್ಸು ತಡವಾದರೆ ಜನ ಬೈಯುತ್ತಾರೆ, ಬೈಸಿಕೊಳ್ಳಿ. ನಾನು ಕಾಪಾಡಿದ ಆ ನಾಲ್ಕು ಬಸ್ಸುಗಳು ಒಂದಾದ ಮೇಲೊಂದು ಗುಜರಿಗೆ ಹೋದವು. ಕೊನೆಯದನ್ನು ಒಡೆಯುವಾಗ ಇಂಜಿನ್ನಿನ ಒಳಗೆ ಚಕ್ಕೆಯೇ ಇರಲಿಲ್ಲ, ಹೊಸದರ ಹಾಗಿತ್ತು ಎಂದು ಗುಜರಿಯವರು ಹೇಳಿದರು.

ಮಧುಗಿರಿಗೆ ಬಂದು ಮೂರು ವರ್ಷದ ಮೇಲೆ ಮಾರಕ್ಕನನ್ನು ಆಸ್ಪತ್ರೆಗೆ ತೋರಿಸಿದೆವು. ಶಾರದೆ ಆಗ ಹೈಸ್ಕೂಲಿನಲ್ಲಿದ್ದಳು, ಅಮ್ಮನ ತೋಳು ಹಿಡಿದುಕೊಂಡು ಬಂದಿದ್ದಳು. ಲೇಡಿ ಡಾಕ್ಟರು ಎಕ್ಸ್-ರೇ ಹಾಳೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆನ್ನುಮೂಳೆಯ ಗೆಣ್ಣುಗಳು ಒಂದಕ್ಕೊಂದು ಬೆಸೆದುಕೊಂಡಿವೆ, ನೀರಿನಲ್ಲಿರುವ ಫ್ಲೋರೈಡ್ ಎಂಬ ವಸ್ತುವಿನಿಂದ ಹೀಗಾಗುತ್ತದೆ, ಒಂದು ಸಲ ಬೆಸೆದದ್ದನ್ನು ಬಿಡಿಸುವ ಔಷಧ ಇಲ್ಲ ಎಂದರು. ನಾನು ಇಂಜಿನ್ನಿನ ಚಕ್ಕೆಯ ಮಾತೆತ್ತಿದೆ. ಅದು ಸುಣ್ಣ, ಇದು ಬೇರೆ, ಎರಡೂ ಒಂದೇ ಬೋರಿನಲ್ಲಿ ಇರಬಹುದು ಎಂದರು. ನಾನು ಇಷ್ಟು ತಿಳಿದವನೆಂದು ಅವರಿಗೆ ಆಶ್ಚರ್ಯವಾಗಿರಬೇಕು. ನನ್ನ ಕಡೆ ತಿರುಗಿ, ಅಲ್ಲಿ ಕುಡಿಯಲು ಬೇರೆ ನೀರೇ ಸಿಗುತ್ತಿರಲಿಲ್ಲವೇ ಎಂದು ಕೇಳಿದರು.

ನನಗಿಂತ ಮೊದಲೇ ಮಾರಕ್ಕ ಹೇಳಿದಳು.

"ಎಲ್ಲಿ ಸಿಕ್ತಿತ್ತು ಕಣಮ್ಮ. ಊರಿಗೆಲ್ಲ ಅದೊಂದೇ ನೀರು. ಇವ್ರೂ ಅದನ್ನೇ ಕುಡುದ್ರು."

ನಾನೂ ಮನೆಯಲ್ಲಿ ಅದನ್ನೇ ಕುಡಿದದ್ದು ನಿಜ. ಆದರೆ ಹಗಲೆಲ್ಲ ಶೆಡ್ಡಿನಲ್ಲಿದ್ದವನು, ಬಾಯಾರಿದಾಗ ಯಾರೂ ನೋಡದಿದ್ದರೆ ಕ್ಯಾನಿನಿಂದ ಕುಡಿಯುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ಒಂದು ಸಲ ಬುತ್ತಿ ತಂದಾಗ ನನ್ನ ಕೈಯಲ್ಲಿ ಲೋಟ ನೋಡಿ, ಬಾಗಿಲಲ್ಲೇ ನಿಂತು, ನಾನು ಕುಡಿದು ಮುಗಿಸುವವರೆಗೂ ಒಳಗೆ ಬಂದಿರಲಿಲ್ಲ.

ಡಾಕ್ಟರು ತಲೆಯಾಡಿಸಿ ಚೀಟಿ ಬರೆಯತೊಡಗಿದರು. ಶಾರದೆ ನನ್ನ ಕೈ ಹಿಡಿದು, ಬೇರೆ ನೀರು ಇಲ್ಲದಿದ್ದರೆ ನೀವಾದರೂ ಏನು ಮಾಡುತ್ತಿದ್ದಿರಿ ಅಪ್ಪ ಎಂದು ಸಮಾಧಾನ ಹೇಳಿದಳು. ನಾನು ಚೀಟಿ ತೆಗೆದುಕೊಂಡು ಎದ್ದೆ. ಮಾರಕ್ಕ ಸಾಯುವವರೆಗೂ ಆ ಮಾತನ್ನು ಬದಲಿಸಲಿಲ್ಲ. ನಾನೂ ಅವಳನ್ನು ಕೇಳಲಿಲ್ಲ, ಶಾರದೆಗೆ ಇಂದಿಗೂ ಹೇಳಿಲ್ಲ.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಕಾಗುಣಿತ ತಿದ್ದಿಕೊಡುತ್ತೇನೆ ಎಂದು ಶಾರದೆ ಹೇಳಿದ್ದಾಳೆ. ಭಾನುವಾರ ಬರುತ್ತಾಳೆ.